ಮುದ್ರೆಯ ಮೇಲಿನ ಮಹಿಳೆ: ವಯೋಮಿಂಗ್ ರಾಜ್ಯದ ಪರಿಚಯ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಮೆರಿಕದ ಒಂದು ರಾಜ್ಯವನ್ನು ಪರಿಚಯ ಮಾಡಿಕೊಡಿ ಎಂದು ಸಮಿತಿಯವರು ಹೇಳಿದಾಗ ಎಲ್ಲರೂ ನ್ಯೂಜೆರ್ಸಿ, ಟೆಕ್ಸಾಸ್ ಅಥವಾ ಕ್ಯಾಲಿಫೋರ್ನಿಯಾ ಅಂದುಕೊಂಡಿರಬಹುದು. ಪುಣೆಯ ಕನ್ನಡಿಗರ ಮನೆಗಳಲ್ಲಿ ಮಗನೋ ಮಗಳೋ ಅಕ್ಕನೋ ಇರುವ ರಾಜ್ಯಗಳು ಅವು. ನಾನು ಆರಿಸಿಕೊಂಡದ್ದು ನಮ್ಮಲ್ಲಿ ಹೆಚ್ಚಿನವರು ಹೆಸರು ಕೂಡ ಕೇಳಿರದ ವಯೋಮಿಂಗ್. ಐಟಿಯಲ್ಲಿರುವವರಿಗೆ ಒಂದು ಸುಳಿವು ಕೊಡುತ್ತೇನೆ. ಮೈಕ್ರೋಸಾಫ್ಟ್ ಅಜೂರ್‌ನಲ್ಲಿ ಸರ್ವರ್ ಎಲ್ಲಿರಬೇಕು ಎಂದು ಆರಿಸುವಾಗ ‘ವೆಸ್ಟ್ ಸೆಂಟ್ರಲ್ ಯುಎಸ್’ ಅಂತ ಒಂದು ಆಯ್ಕೆ ಬರುತ್ತದಲ್ಲ, ಅದೇ ವಯೋಮಿಂಗ್.

ಈ ರಾಜ್ಯವನ್ನು ಮಹಿಳಾ ವೇದಿಕೆಯಲ್ಲಿ ಪರಿಚಯಿಸಲು ಒಂದು ಕಾರಣವಿದೆ. ಅದರ ಅಧಿಕೃತ ಮುದ್ರೆಯ ನಡುವೆ ಒಬ್ಬ ಮಹಿಳೆ ನಿಂತಿದ್ದಾಳೆ. ಅವಳ ಕೈಯಲ್ಲಿ ‘ಸಮಾನ ಹಕ್ಕುಗಳು’ ಎಂದು ಬರೆದ ಪತಾಕೆ ಇದೆ. ಆ ಪತಾಕೆ ಅವಳ ಕೈಗೆ ಬಂದದ್ದು ಹೇಗೆ, ಬಂದ ಮೇಲೆ ಏನಾಯಿತು ಎಂಬುದೇ ಇವತ್ತಿನ ಮಾತು.

ಮೊದಲು ಮೂಲ ಮಾಹಿತಿ. ವಯೋಮಿಂಗ್ ಅಮೆರಿಕದ ಪಶ್ಚಿಮ ಭಾಗದಲ್ಲಿದೆ. ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಆಯತಾಕಾರ. ಮೊಂಟಾನಾ, ದಕ್ಷಿಣ ಡಕೋಟಾ, ನೆಬ್ರಾಸ್ಕಾ, ಕೊಲರಾಡೊ, ಯೂಟಾ ಮತ್ತು ಐಡಾಹೊ ಅದರ ನೆರೆಯ ರಾಜ್ಯಗಳು. ವಿಸ್ತೀರ್ಣ ಸುಮಾರು 2,53,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆ ಮಾತ್ರ 2020ರ ಗಣತಿಯಲ್ಲಿ 5,76,851. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಇದಕ್ಕಿಂತ ಹೆಚ್ಚು ಜನ ಇದ್ದಾರೆ! ಐವತ್ತು ರಾಜ್ಯಗಳಲ್ಲಿ ಅತಿ ಕಡಿಮೆ ಜನರಿರುವ ರಾಜ್ಯ ಇದು. ಅಮೆರಿಕದ ಕೆಳಮನೆಗೆ ಇಲ್ಲಿಂದ ಹೋಗುವುದು ಒಬ್ಬರೇ ಪ್ರತಿನಿಧಿ. ಸೆನೆಟ್‌ಗೆ ಮಾತ್ರ ಎಲ್ಲ ರಾಜ್ಯಗಳ ಹಾಗೆ ಇಬ್ಬರು.

ರಾಜಧಾನಿ ಶೈಯಾನ್. ಇದು ಅಲ್ಲಿನ ಒಂದು ಮೂಲನಿವಾಸಿ ಜನಾಂಗದ ಹೆಸರು. 1867ರಲ್ಲಿ ಯೂನಿಯನ್ ಪೆಸಿಫಿಕ್ ರೈಲು ಹಾದಿ ಬಂದಾಗ ಹುಟ್ಟಿದ ಊರು. ‘ವಯೋಮಿಂಗ್’ ಎಂಬ ಪದ ಮಾತ್ರ ಆ ನೆಲದ್ದಲ್ಲ. ಅದು ದೂರದ ಪೂರ್ವದಲ್ಲಿರುವ ಪೆನ್ಸಿಲ್ವೇನಿಯಾದ ಒಂದು ಕಣಿವೆಯ ಹೆಸರು. ಡೆಲವೇರ್ ಜನರ ಭಾಷೆಯಲ್ಲಿ ಅದಕ್ಕೆ ದೊಡ್ಡ ಬಯಲು ಎಂಬಂಥ ಅರ್ಥವಿದೆ. ಅತಿ ಎತ್ತರದ ಶಿಖರ ಗ್ಯಾನೆಟ್ ಪೀಕ್, 13,804 ಅಡಿ. 1872ರಲ್ಲಿ ಘೋಷಣೆಯಾದ ಅಮೆರಿಕದ ಮೊದಲ ರಾಷ್ಟ್ರೀಯ ಉದ್ಯಾನ ಯೆಲ್ಲೋಸ್ಟೋನ್‌ನ ಬಹುಭಾಗ ಇಲ್ಲಿದೆ. ಸಿನಿಮಾಗಳಲ್ಲಿ ನೀವು ನೋಡಿರಬಹುದಾದ ಡೆವಿಲ್ಸ್ ಟವರ್ ಎಂಬ ಕಂಬದಂಥ ಬಂಡೆಯೂ ಇಲ್ಲಿಯದೇ. 1906ರಲ್ಲಿ ಅದು ದೇಶದ ಮೊದಲ ರಾಷ್ಟ್ರೀಯ ಸ್ಮಾರಕವಾಯಿತು. ಆದಾಯದ ಮೂಲ ಕಲ್ಲಿದ್ದಲು, ತೈಲ, ಅನಿಲ, ಪಶುಪಾಲನೆ ಮತ್ತು ಪ್ರವಾಸೋದ್ಯಮ. ಅಮೆರಿಕದಲ್ಲಿ ಅತಿ ಹೆಚ್ಚು ಕಲ್ಲಿದ್ದಲು ತೆಗೆಯುವ ರಾಜ್ಯವೂ ಇದೇ.

ಈಗ ಲಾಂಛನಗಳಿಗೆ ಬರೋಣ. ಪುಣೆಯಲ್ಲಿ ಓದುವ ನಮ್ಮ ಮಕ್ಕಳಿಗೆ ಈ ಪಟ್ಟಿ ಬಾಯಿಪಾಠ. ಮಹಾರಾಷ್ಟ್ರದ ಪ್ರಾಣಿ ಶೇಕರು, ಹೂವು ತಾಮ್ಹಣ, ಅಂದರೆ ನಮ್ಮ ಹೊಳೆದಾಸವಾಳ. ಮನೆಯಲ್ಲಿ ನಾವು ಹೇಳಿಕೊಡುವುದು ಆನೆ, ನೀಲಕಂಠ, ಶ್ರೀಗಂಧ, ಕಮಲ. ವಯೋಮಿಂಗ್‌ನ ಪಟ್ಟಿ ಇವಕ್ಕಿಂತ ಬಹಳ ಉದ್ದ. ಹಕ್ಕಿ ವೆಸ್ಟರ್ನ್ ಮೆಡೋಲಾರ್ಕ್, 1927ರಲ್ಲಿ ಆರಿಸಿದ್ದು. ನೆರೆಯ ಮೊಂಟಾನಾ ಮತ್ತು ನೆಬ್ರಾಸ್ಕಾಗಳಿಗೂ ಅದೇ ಹಕ್ಕಿ. ಮರ ಪ್ಲೇನ್ಸ್ ಕಾಟನ್‌ವುಡ್, ರತ್ನ ಜೇಡ್, ಮೀನು ಕಟ್‌ತ್ರೋಟ್ ಟ್ರೌಟ್. ಪಳೆಯುಳಿಕೆ ನೈಟಿಯಾ ಎಂಬ ಪುಟ್ಟ ಮೀನಿನದು. ಈಗಿನ ಒಣ ಬೆಟ್ಟದ ಸೀಮೆಯಲ್ಲಿ ಸುಮಾರು ಐದು ಕೋಟಿ ವರ್ಷಗಳ ಹಿಂದೆ ದೊಡ್ಡ ಸರೋವರಗಳಿದ್ದವು ಎನ್ನುವುದಕ್ಕೆ ಅದು ಸಾಕ್ಷಿ. ರಾಜ್ಯಕ್ಕೆ ಒಂದು ಡೈನೋಸಾರ್ ಕೂಡ ಇದೆ, ಮೂರು ಕೊಂಬಿನ ಟ್ರೈಸೆರಾಟಾಪ್ಸ್. 1994ರಲ್ಲಿ ಅದನ್ನು ಆರಿಸಿದವರು ಶಾಲೆಯ ಮಕ್ಕಳು, ಅದೂ ಮತ ಹಾಕಿ. 2003ರಲ್ಲಿ ರೋಡಿಯೊ ರಾಜ್ಯದ ಕ್ರೀಡೆಯಾಯಿತು. ಎಗರುವ ಕುದುರೆ ಮತ್ತು ಅದರ ಮೇಲಿನ ಸವಾರನ ಚಿತ್ರ 1936ರಿಂದ ಅಲ್ಲಿನ ಗಾಡಿಗಳ ನಂಬರ್ ಪ್ಲೇಟಿನಲ್ಲಿದೆ. ಹಾಗಾಗಿ ಈ ರಾಜ್ಯಕ್ಕೆ ಎರಡು ಅಡ್ಡಹೆಸರು. ಒಂದು ಕೌಬಾಯ್ ರಾಜ್ಯ, ಇನ್ನೊಂದು ಸಮಾನತೆಯ ರಾಜ್ಯ.

ಹೂವಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದರ ಹೆಸರು ಇಂಡಿಯನ್ ಪೇಂಟ್‌ಬ್ರಷ್. ಕೆಂಪು ಬಣ್ಣದಲ್ಲಿ ಅದ್ದಿ ತೆಗೆದ ಕುಂಚದಂತೆ ಕಾಣುತ್ತದೆ. ಆ ಕೆಂಪು ದಳಗಳದ್ದಲ್ಲ, ಹೂವನ್ನು ಸುತ್ತಿಕೊಂಡ ಎಲೆಗಳದ್ದು. ಇದು ಅರೆಪರಾವಲಂಬಿ ಗಿಡ. ತನ್ನ ಎಲೆಯಲ್ಲಿ ತಾನೇ ಆಹಾರ ಮಾಡಿಕೊಂಡರೂ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಅಲ್ಲಿಂದಲೂ ನೀರು ಮತ್ತು ಪೋಷಕಾಂಶ ಹೀರುತ್ತದೆ. ಹೀಗೆ ಅದು ಆಶ್ರಯ ಪಡೆಯುವ ಗಿಡಗಳಲ್ಲಿ ಸೇಜ್‌ಬ್ರಷ್ ಒಂದು. ಆ ಪೊದೆಯೇ 2010ರಲ್ಲಿ ರಾಜ್ಯದ ಪೊದೆಯಾಯಿತು. ಇದು ನಮಗೆ ಹೊಸದೇನಲ್ಲ. ನಮ್ಮ ರಾಜ್ಯವೃಕ್ಷ ಶ್ರೀಗಂಧವೂ ಹೀಗೇ ಅಕ್ಕಪಕ್ಕದ ಗಿಡಗಳ ಬೇರನ್ನು ಹಿಡಿದು ಬೆಳೆಯುವ ಮರ. ಪೇಂಟ್‌ಬ್ರಷ್ ಹೂವನ್ನು ರಾಜ್ಯದ ಹೂವಾಗಿ ಮಾಡಲು ಮುಂದೆ ನಿಂತು ಒತ್ತಾಯಿಸಿದವರು ಗ್ರೇಸ್ ರೇಮಂಡ್ ಹೆಬಾರ್ಡ್ ಎಂಬ ಮಹಿಳೆ. ಏವನ್ ನೆಲ್ಸನ್ ಎಂಬ ಹೆಸರಾಂತ ಸಸ್ಯವಿಜ್ಞಾನಿ ಇದನ್ನು ವಿರೋಧಿಸಿದರು. ಕೊನೆಗೆ 1917ರ ಜನವರಿ 31ರಂದು ಹೆಬಾರ್ಡ್ ಅವರ ಹೂವೇ ಗೆದ್ದಿತು.

ಅದೇ ದಿನ ರಾಜ್ಯದ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಆ ಬಾವುಟ ಕೂಡ ಮಹಿಳೆಯರದ್ದೇ ಕೆಲಸ. 1916ರಲ್ಲಿ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಮಹಿಳಾ ಸಂಘಟನೆ ಬಾವುಟದ ವಿನ್ಯಾಸಕ್ಕೆ ಸ್ಪರ್ಧೆ ಇಟ್ಟಿತು. ಬಂದ 37 ಚಿತ್ರಗಳಲ್ಲಿ ಬಹುಮಾನ ಗೆದ್ದದ್ದು ಬಫಲೋ ಎಂಬ ಊರಿನ ವರ್ನಾ ಕೀಸ್. ಷಿಕಾಗೊದಲ್ಲಿ ಚಿತ್ರಕಲೆ ಓದಿ ಆಗಷ್ಟೇ ಊರಿಗೆ ಬಂದಿದ್ದ ಹುಡುಗಿ. ಬಹುಮಾನ 20 ಡಾಲರ್. ನೀಲಿ ಹಿನ್ನೆಲೆ, ಅದರ ಸುತ್ತ ಬಿಳಿ ಅಂಚು, ಅದರ ಹೊರಗೆ ಕೆಂಪು ಅಂಚು, ನಡುವೆ ಬಿಳಿಯ ಬೈಸನ್. ನಮ್ಮ ಬಂಡೀಪುರದ ಕಾಟಿಯನ್ನೂ ಕೆಲವರು ಬೈಸನ್ ಅನ್ನುತ್ತಾರೆ, ಆದರೆ ಇದು ಹೆಗಲ ಮೇಲೆ ಜೂಲು ಕೂದಲಿರುವ ಬೇರೆಯೇ ಪ್ರಾಣಿ. ಕೆಂಪು ಅಂಚು ಮೂಲನಿವಾಸಿಗಳನ್ನೂ, ವಲಸೆ ಬಂದು ನೆಲೆಸಿದವರು ಸುರಿಸಿದ ರಕ್ತವನ್ನೂ ಸೂಚಿಸುತ್ತದಂತೆ. ಬೈಸನ್ನಿನ ಮೈಮೇಲೆ ರಾಜ್ಯದ ಮುದ್ರೆ ಇದೆ. ಅಲ್ಲಿನ ದನಗಾಹಿಗಳು ದನಗಳಿಗೆ ಕಾದ ಕಬ್ಬಿಣದಿಂದ ಗುರುತಿನ ಬರೆ ಹಾಕುತ್ತಿದ್ದರಲ್ಲ, ಅದರ ನೆನಪಿಗೆ.

ಬೈಸನ್ ಯಾವ ಕಡೆ ಮುಖ ಮಾಡಿರಬೇಕು? ವರ್ನಾ ಬರೆದದ್ದು ಕಂಬದ ವಿರುದ್ಧ ದಿಕ್ಕಿಗೆ, ಬಯಲಿನ ಕಡೆ ಹೊರಟ ಹಾಗೆ. ಅದು ಕಂಬದ ಕಡೆ ತಿರುಗಿದ್ದು ಹೆಬಾರ್ಡ್ ಅವರ ಸಲಹೆಯಿಂದ. ಹೂವಿಗಾಗಿ ವಾದಿಸಿದರಲ್ಲ, ಅವರೇ! ಈ ಹೆಬಾರ್ಡ್ ಯಾರೆಂದು ಹುಡುಕಿದಾಗ ಎಂಜಿನಿಯರಿಂಗ್ ಓದಿದ ನನಗೆ ವಿಶೇಷ ಖುಷಿಯಾಯಿತು. 1882ರಲ್ಲೇ ಅಯೋವಾ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದವರು. ಶೈಯಾನ್‌ಗೆ ಬಂದು ಸರ್ವೇ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದರು. ಆಮೇಲೆ ವಯೋಮಿಂಗ್ ವಿಶ್ವವಿದ್ಯಾಲಯ ಸೇರಿದರು. ಆ ರಾಜ್ಯದಲ್ಲಿ ವಕೀಲಿಕೆಗೆ ಅರ್ಹತೆ ಪಡೆದ ಮೊದಲ ಮಹಿಳೆಯೂ ಅವರೇ. ಇತಿಹಾಸದ ಪುಸ್ತಕಗಳನ್ನೂ ಬರೆದರು. ಅವರ ಕೆಲವು ತೀರ್ಮಾನಗಳನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಅದೇನೇ ಇರಲಿ, ಒಂದು ರಾಜ್ಯದ ಬಾವುಟ ಮತ್ತು ಹೂವು ಎರಡನ್ನೂ ಮಹಿಳೆಯರು ಕೂತು ತೀರ್ಮಾನಿಸಿದರು, ಶಾಸನಸಭೆ ಅದಕ್ಕೆ ಒಪ್ಪಿತು ಎಂಬುದನ್ನು ಗಮನಿಸಿ. 1917ರಲ್ಲಿ ಅಮೆರಿಕದ ಬಹಳಷ್ಟು ರಾಜ್ಯಗಳ ಮಹಿಳೆಯರಿಗೆ ಇನ್ನೂ ಮತದ ಹಕ್ಕೇ ಇರಲಿಲ್ಲ. ವಯೋಮಿಂಗ್ ಮಹಿಳೆಯರಿಗೆ ಆ ಹಕ್ಕು ಬಂದು ಆಗಲೇ 47 ವರ್ಷ ಆಗಿತ್ತು.

ಮುದ್ರೆಯ ಮೇಲೆ ಎರಡು ಇಸವಿಗಳಿವೆ, 1869 ಮತ್ತು 1890. ಸಾಮಾನ್ಯವಾಗಿ ರಾಜ್ಯ ಹುಟ್ಟಿದ ವರ್ಷ ಒಂದನ್ನೇ ಹಾಕುತ್ತಾರೆ, ಇಲ್ಲಿ ಎರಡು ಯಾಕೆ?

1869ರಲ್ಲಿ ವಯೋಮಿಂಗ್ ಇನ್ನೂ ರಾಜ್ಯವಲ್ಲ. ಅದನ್ನು ಟೆರಿಟರಿ ಅನ್ನುತ್ತಿದ್ದರು, ನಮ್ಮ ಕೇಂದ್ರಾಡಳಿತ ಪ್ರದೇಶದ ಹಾಗೆ ಅಂದುಕೊಳ್ಳಿ. ಮರುವರ್ಷದ ಗಣತಿಯಲ್ಲಿ ಸಿಕ್ಕ ಜನ 9,118. ವಯಸ್ಕರಲ್ಲಿ ಸುಮಾರು ಆರು ಗಂಡಸರಿಗೆ ಒಬ್ಬ ಹೆಂಗಸು. ಅಂಥ ಕಡೆ ಮೊದಲ ಶಾಸನಸಭೆ ಸೇರಿತು. ಸದಸ್ಯರೆಲ್ಲ ಗಂಡಸರು. ವಿಲಿಯಂ ಬ್ರೈಟ್ ಎಂಬುವರು ಒಂದು ಮಸೂದೆ ತಂದರು. 21 ವರ್ಷ ತುಂಬಿದ ಮಹಿಳೆಯರು ಮತ ಹಾಕಬಹುದು, ಅಧಿಕಾರದ ಸ್ಥಾನಗಳನ್ನೂ ಹಿಡಿಯಬಹುದು. 1869ರ ಡಿಸೆಂಬರ್ 10ರಂದು ಗವರ್ನರ್ ಜಾನ್ ಕ್ಯಾಂಪ್‌ಬೆಲ್ ಸಹಿ ಹಾಕಿದರು. ಅದೇ ಅಧಿವೇಶನದಲ್ಲಿ ಮದುವೆಯಾದ ಮಹಿಳೆಗೆ ಸ್ವಂತ ಆಸ್ತಿಯ ಹಕ್ಕು, ಶಾಲಾ ಶಿಕ್ಷಕಿಯರಿಗೆ ಶಿಕ್ಷಕರಷ್ಟೇ ಸಂಬಳ ಎಂಬ ಕಾನೂನುಗಳೂ ಬಂದವು.

ಅಲ್ಲಿನ ಗಂಡಸರು ಅಷ್ಟು ಉದಾರಿಗಳಾಗಿದ್ದರೇ ಎಂದು ಕೇಳಬಹುದು. ಕೆಲವರು ನಿಜಕ್ಕೂ ನ್ಯಾಯ ಎಂದೇ ನಂಬಿದ್ದರು. ಕೆಲವರಿಗೆ ಬೇರೆ ಲೆಕ್ಕಾಚಾರ ಇತ್ತು. ಸುದ್ದಿಯಾದರೆ ಪೂರ್ವದಿಂದ ಜನ, ಅದರಲ್ಲೂ ಹೆಂಗಸರು, ವಲಸೆ ಬರಬಹುದು. ಸದಸ್ಯರೆಲ್ಲ ಒಂದು ಪಕ್ಷ, ಗವರ್ನರ್ ಇನ್ನೊಂದು ಪಕ್ಷ. ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವ ಆಟವೂ ಇತ್ತು. ಕಪ್ಪು ಗಂಡಸರಿಗೆ ಮತ ಕೊಟ್ಟ ಮೇಲೆ ಬಿಳಿ ಹೆಂಗಸರಿಗೂ ಕೊಡಬೇಕು ಎಂಬ ಜನಾಂಗದ್ವೇಷದ ವಾದವೂ ಇತ್ತು. ಹಕ್ಕು ಬಂದ ದಾರಿ ಪೂರ್ತಿ ಸ್ವಚ್ಛವಾಗಿರಲಿಲ್ಲ. ಆದರೆ ಬಂದ ಹಕ್ಕನ್ನು ಅಲ್ಲಿನ ಹೆಂಗಸರು ಕೈಬಿಡಲಿಲ್ಲ.

1870ರ ಫೆಬ್ರವರಿಯಲ್ಲಿ ಸೌತ್ ಪಾಸ್ ಸಿಟಿ ಎಂಬ ಚಿನ್ನದ ಗಣಿಯ ಊರಿನಲ್ಲಿ, ಹೊಸ ಕಾನೂನನ್ನು ವಿರೋಧಿಸಿ ಅಲ್ಲಿನ ನ್ಯಾಯಾಧಿಕಾರಿ ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ನೇಮಕವಾದವರು ಎಸ್ತರ್ ಹೋಬಾರ್ಟ್ ಮಾರಿಸ್. ವಯಸ್ಸು ಐವತ್ತು ದಾಟಿತ್ತು, ಕಾನೂನು ಓದಿದವರಲ್ಲ. ಎಂಟು ತಿಂಗಳಿಗೂ ಹೆಚ್ಚು ಕಾಲ ಆ ಪೀಠ ನಡೆಸಿದರು. ಅಮೆರಿಕದಲ್ಲಿ ನ್ಯಾಯಪೀಠದಲ್ಲಿ ಕೂತ ಮೊದಲ ಮಹಿಳೆ ಅವರು. ಮಾರ್ಚ್‌ನಲ್ಲಿ ಲಾರಮಿ ಊರಿನ ನ್ಯಾಯಾಲಯದಲ್ಲಿ ಮಹಿಳೆಯರು ಜ್ಯೂರಿಯಲ್ಲಿ ಕೂತರು. ಅದೇ ಊರಿನಲ್ಲಿ ಸೆಪ್ಟೆಂಬರ್ 6ರ ಬೆಳಗ್ಗೆ 69 ವರ್ಷದ ಲೂಯಿಸಾ ಸ್ವೇನ್ ಮತ ಹಾಕಿದರು. ಏಪ್ರನ್ ಕಟ್ಟಿಕೊಂಡು, ಈಸ್ಟ್ ತರಲು ಖಾಲಿ ಡಬ್ಬಿ ಹಿಡಿದು ಅಂಗಡಿಗೆ ಹೊರಟಿದ್ದವರು ದಾರಿಯಲ್ಲಿ ಮತಗಟ್ಟೆಗೆ ಹೋಗಿ ಮತ ಹಾಕಿದರು ಎಂದು ಹೇಳುತ್ತಾರೆ. ಮೆರವಣಿಗೆ ಇಲ್ಲ, ಭಾಷಣ ಇಲ್ಲ. ಮತ ಹಾಕಿ ಮನೆಗೆಲಸಕ್ಕೆ ಮರಳಿದ ಅಜ್ಜಿ. ಒಂದು ಮಾತು ಸೇರಿಸಬೇಕು. ಪಕ್ಕದ ಯೂಟಾ ಕಾನೂನು ಮಾಡಿದ್ದು ವಯೋಮಿಂಗ್ ಆದ ಮೇಲೆ, ಆದರೆ ಅಲ್ಲಿ ಚುನಾವಣೆ ಮೊದಲೇ ಬಂದದ್ದರಿಂದ ಅಲ್ಲಿನ ಮಹಿಳೆಯರು ಫೆಬ್ರವರಿಯಲ್ಲೇ ಮತ ಹಾಕಿದ್ದರು.

ಕೊಟ್ಟದ್ದನ್ನು ಕಿತ್ತುಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ. 1871ರಲ್ಲಿ ಸೇರಿದ ಮುಂದಿನ ಶಾಸನಸಭೆ ಈ ಕಾನೂನನ್ನು ರದ್ದು ಮಾಡುವ ಮಸೂದೆ ಪಾಸು ಮಾಡಿತು. ಗವರ್ನರ್ ಕ್ಯಾಂಪ್‌ಬೆಲ್ ವೀಟೊ ಮಾಡಿದರು. ಆ ವೀಟೊವನ್ನು ಮೀರಲು ಮೂರನೇ ಎರಡು ಬಹುಮತ ಬೇಕು. ಕೆಳಮನೆಯಲ್ಲಿ ಅದು ಸಿಕ್ಕಿತು, ಮೇಲ್ಮನೆಯಲ್ಲಿ ಒಂದೇ ಒಂದು ಮತ ಕಡಿಮೆ ಬಿತ್ತು. ಆ ಒಂದು ಮತದಿಂದ ಉಳಿದ ಹಕ್ಕು ಅದು! ಇದು ಬರೀ ಭಯವಲ್ಲ. ನಮ್ಮ ಬಂಧುಗಳು ತುಂಬಿರುವ ನ್ಯೂಜೆರ್ಸಿಯಲ್ಲಿ 1776ರಿಂದಲೇ ಆಸ್ತಿಯಿದ್ದ ಒಂಟಿ ಮಹಿಳೆಯರು ಮತ ಹಾಕಬಹುದಿತ್ತು, 1807ರಲ್ಲಿ ಅದನ್ನು ತೆಗೆದುಬಿಟ್ಟರು. ಯೂಟಾ ಮಹಿಳೆಯರ ಹಕ್ಕನ್ನು 1887ರಲ್ಲಿ ಅಮೆರಿಕದ ಸಂಸತ್ತೇ ಕಸಿದುಕೊಂಡಿತು. ವಯೋಮಿಂಗ್‌ನಲ್ಲೂ ಜ್ಯೂರಿಯಲ್ಲಿ ಮಹಿಳೆಯರು ಕೂರುವುದು 1871ರಲ್ಲೇ ನಿಂತುಹೋಯಿತು. ಮತ್ತೆ ಅವರಿಗೆ ಕರೆ ಬಂದದ್ದು 1950ರ ಹೊತ್ತಿಗೆ.

ಎರಡನೇ ಇಸವಿ 1890. ರಾಜ್ಯದ ಸ್ಥಾನ ಕೇಳಿದಾಗ ವಯೋಮಿಂಗ್ ತನ್ನ ಸಂವಿಧಾನದಲ್ಲೇ ಮಹಿಳೆಯರ ಮತದ ಹಕ್ಕನ್ನು ಬರೆದಿತ್ತು. ಸಂಸತ್ತಿನಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ಮಹಿಳೆಯರನ್ನು ಬಿಟ್ಟು ಬರುವುದಕ್ಕಿಂತ ನೂರು ವರ್ಷ ಒಕ್ಕೂಟದ ಹೊರಗಿರುತ್ತೇವೆ ಎಂದು ಅಲ್ಲಿನವರು ತಂತಿ ಕಳಿಸಿದರು ಎಂಬ ಪ್ರಸಿದ್ಧ ಕಥೆಯಿದೆ. ಕಥೆ ಏನೇ ಇರಲಿ, ಆ ವಾಕ್ಯವನ್ನು ಅವರು ಸಂವಿಧಾನದಿಂದ ತೆಗೆಯಲಿಲ್ಲ ಎಂಬುದು ದಾಖಲೆ. ಕೆಳಮನೆಯಲ್ಲಿ 139–127 ಮತಗಳಿಂದ ಮಸೂದೆ ಗೆದ್ದು, 1890ರ ಜುಲೈ 10ರಂದು ವಯೋಮಿಂಗ್ 44ನೇ ರಾಜ್ಯವಾಯಿತು. ಮುದ್ರೆಯಲ್ಲಿರುವ 44 ಎಂಬ ಅಂಕಿ ಅದೇ. ಅಮೆರಿಕದ ಎಲ್ಲ ಕಡೆ ಈ ಹಕ್ಕನ್ನು ಖಾತ್ರಿ ಮಾಡಿದ ಸಂವಿಧಾನ ತಿದ್ದುಪಡಿ ಬಂದದ್ದು 1920ರಲ್ಲಿ. 1955ರಲ್ಲಿ ‘ಸಮಾನ ಹಕ್ಕುಗಳು’ ಎಂಬುದೇ ರಾಜ್ಯದ ಅಧಿಕೃತ ಧ್ಯೇಯವಾಕ್ಯವಾಯಿತು.

ಇಲ್ಲಿಗೆ ನಿಲ್ಲಿಸಿದರೆ ಸುಂದರ ಕಥೆ. ಆದರೆ ಪತಾಕೆಯಲ್ಲಿ ಬರೆದದ್ದಕ್ಕೂ ಊರಿನಲ್ಲಿ ನಡೆದದ್ದಕ್ಕೂ ಎಷ್ಟು ದೂರ ಎಂದು ನೋಡಬೇಕಲ್ಲವೇ? ಬಾವುಟದ ಕೆಂಪು ಅಂಚಿನಲ್ಲಿ ಜಾಗ ಪಡೆದ ಮೂಲನಿವಾಸಿಗಳಲ್ಲಿ ಬಹಳ ಮಂದಿಗೆ 1924ರವರೆಗೆ ಅಮೆರಿಕದ ಪೌರತ್ವವೇ ಇರಲಿಲ್ಲ, ಇನ್ನು ಮತ ಎಲ್ಲಿಂದ? 1885ರಲ್ಲಿ ಇದೇ ನೆಲದ ರಾಕ್ ಸ್ಪ್ರಿಂಗ್ಸ್ ಗಣಿಯಲ್ಲಿ 28 ಚೀನೀ ಕಾರ್ಮಿಕರನ್ನು ಕೊಂದರು.

1925ರ ಜನವರಿ 5ರಂದು ನೆಲ್ಲಿ ಟೇಲೊ ರಾಸ್ ವಯೋಮಿಂಗ್‌ನ ಗವರ್ನರ್ ಆದರು. ಅಮೆರಿಕದಲ್ಲೇ ಮೊದಲ ಮಹಿಳಾ ಗವರ್ನರ್. ಗವರ್ನರ್ ಆಗಿದ್ದ ಪತಿ ತೀರಿಕೊಂಡ ಮೇಲೆ ಚುನಾವಣೆಗೆ ನಿಂತು ಗೆದ್ದವರು. ಮುಂದಿನ ಸಲ ಸೋತರು. ಆಮೇಲೆ 1933ರಿಂದ 1953ರವರೆಗೆ, ಇಪ್ಪತ್ತು ವರ್ಷ, ಇಡೀ ದೇಶದ ಟಂಕಸಾಲೆಯನ್ನು ನಡೆಸಿದರು. ಅದೇ ಟಂಕಸಾಲೆ 2007ರಲ್ಲಿ ವಯೋಮಿಂಗ್ ಹೆಸರಿನ ಕಾಲು ಡಾಲರ್ ನಾಣ್ಯ ಹೊರತಂದಾಗ, ಅದರ ಮೇಲೆ ಎಗರುವ ಕುದುರೆಯ ಜೊತೆ ‘ಸಮಾನತೆಯ ರಾಜ್ಯ’ ಎಂದು ಅಚ್ಚು ಹಾಕಿತು. ಆದರೆ ನೆಲ್ಲಿ ರಾಸ್ ಪ್ರಮಾಣವಚನ ತೆಗೆದುಕೊಂಡು ನೂರು ವರ್ಷ ಕಳೆದರೂ ಇನ್ನೊಬ್ಬ ಮಹಿಳೆ ಆ ಕುರ್ಚಿಯಲ್ಲಿ ಕೂತಿರಲಿಲ್ಲ. 2017ರಲ್ಲಿ ಅಲ್ಲಿನ ಶಾಸನಸಭೆಯಲ್ಲಿ ಮಹಿಳೆಯರು ಒಂಬತ್ತು ಜನಕ್ಕೆ ಒಬ್ಬರ ಲೆಕ್ಕದಲ್ಲಿದ್ದರು. ಆಗ ಅದು ದೇಶದಲ್ಲೇ ಕಡಿಮೆ. ಹೆಣ್ಣು ಗಂಡಿನ ಸಂಬಳದ ಅಂತರ ಹೆಚ್ಚಿರುವ ರಾಜ್ಯಗಳಲ್ಲೂ ವಯೋಮಿಂಗ್ ಒಂದು. ಒಳ್ಳೆಯ ಸಂಬಳದ ಗಣಿ ಮತ್ತು ತೈಲದ ಕೆಲಸಗಳು ಹೆಚ್ಚಾಗಿ ಗಂಡಸರ ಪಾಲಾಗಿರುವುದು ಇದಕ್ಕೆ ಒಂದು ಕಾರಣ.

ಅವರನ್ನು ನೋಡಿ ನಗುವ ಸ್ಥಿತಿಯಲ್ಲಿ ನಾವೂ ಇಲ್ಲ. ಕೆ. ಎಸ್. ನಾಗರತ್ನಮ್ಮ ಅವರು 1972ರಲ್ಲೇ ನಮ್ಮ ವಿಧಾನಸಭೆಯ ಸಭಾಧ್ಯಕ್ಷರಾದರು. ಕರ್ನಾಟಕಕ್ಕೆ ಒಬ್ಬ ಮಹಿಳಾ ಮುಖ್ಯಮಂತ್ರಿಯನ್ನು ಮಾತ್ರ ನಾವು ಇನ್ನೂ ಕಂಡಿಲ್ಲ.

ಹಾಗಾದರೆ ಮುದ್ರೆಯ ಮೇಲಿನ ಆ ಮಹಿಳೆ ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಅವಳು ಅಲ್ಲಿ ನಿಂತಿರುವುದರಿಂದಲೇ ಅಲ್ಲಿನ ಹೆಣ್ಣುಮಕ್ಕಳು ಸಂಬಳದ ಪ್ರಶ್ನೆ ಬಂದಾಗಲೂ ಚುನಾವಣೆ ಬಂದಾಗಲೂ ‘ನಮ್ಮ ಮುದ್ರೆಯಲ್ಲಿ ಏನು ಬರೆದಿದೆ ನೋಡಿ’ ಎಂದು ಕೇಳಬಹುದು. ಕೇಳುವವರು ಇಲ್ಲದಿದ್ದರೆ ಮುದ್ರೆ ಬರೀ ಕಾಗದದ ಮೇಲಿನ ಚಿತ್ರ. ಲೂಯಿಸಾ ಸ್ವೇನ್ ಆ ಬೆಳಗ್ಗೆ ಈಸ್ಟ್ ತೆಗೆದುಕೊಂಡು ನೇರ ಮನೆಗೆ ಹೋಗಿದ್ದರೂ ಕಾನೂನು ಇರುತ್ತಿತ್ತು. ಬಳಸುವವರಿಲ್ಲ ಎಂಬ ಕಾರಣ ಹೇಳಿ 1871ರಲ್ಲಿ ಅದನ್ನು ತೆಗೆಯುವುದು ಸುಲಭವಾಗುತ್ತಿತ್ತು.

ಆದ್ದರಿಂದ ಗೆಳತಿಯರೇ, ಎರಡು ಕೆಲಸ ಹೇಳಿ ಮುಗಿಸುತ್ತೇನೆ. ಒಂದು, ನಮ್ಮಲ್ಲಿ ಅನೇಕರು ಮದುವೆಯಾಗಿ ಅಥವಾ ಕೆಲಸಕ್ಕೆಂದು ಈ ಊರಿಗೆ ಬಂದವರು. ಮತದಾರರ ಪಟ್ಟಿಯಲ್ಲಿ ಹೆಸರು ಇನ್ನೂ ತವರಿನ ವಿಳಾಸದಲ್ಲೇ ಇದೆ. ಚುನಾವಣೆಯ ದಿನ ರಜೆ, ಮನೆಯಲ್ಲಿ ವಿಶೇಷ ಅಡುಗೆ, ಅಷ್ಟೇ. ವಿಳಾಸ ಬದಲಾಯಿಸಲು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಫಾರ್ಮ್ 8 ತುಂಬಿದರೆ ಸಾಕು. ಇವತ್ತು ಕಾರ್ಯಕ್ರಮ ಮುಗಿದ ಮೇಲೆ ನಾನು ಲ್ಯಾಪ್‌ಟಾಪ್ ಹಿಡಿದು ಇಲ್ಲೇ ಕೂತಿರುತ್ತೇನೆ. ವೋಟರ್ ಕಾರ್ಡಿನ ನಂಬರ್ ಮತ್ತು ಈಗಿನ ವಿಳಾಸದ ಪುರಾವೆ ಇದ್ದವರು ಬನ್ನಿ, ಕಾಫಿ ಆರುವುದರೊಳಗೆ ತುಂಬಿಬಿಡೋಣ.

ಎರಡನೆಯದು, ನಮ್ಮ ಸಂಘದ ನಿಯಮಾವಳಿಯಲ್ಲಿ ಯಾವ ಸದಸ್ಯರೂ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸ್ಥಾನಕ್ಕೆ ನಿಲ್ಲಬಹುದು ಎಂದೇ ಇದೆ. ರಾಜ್ಯೋತ್ಸವದ ರಂಗೋಲಿ, ಊಟದ ಉಸ್ತುವಾರಿ, ಮಕ್ಕಳ ನೃತ್ಯ ಎಲ್ಲ ಸಲೀಸಾಗಿ ನಡೆಸುವ ನಾವು ನಾಮಪತ್ರದ ದಿನ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತೇವೆ. ಮುಂದಿನ ವಾರ್ಷಿಕ ಮಹಾಸಭೆಗೆ ಈ ವೇದಿಕೆಯಿಂದ ಕನಿಷ್ಠ ಮೂರು ನಾಮಪತ್ರ ಹೋಗಲಿ. ಗೆಲುವು ಸೋಲು ಆಮೇಲಿನ ಮಾತು. ಮೊದಲನೆಯದಕ್ಕೆ ಸೂಚಕಿಯಾಗಿ ಸಹಿ ಹಾಕಲು ನಾನು ತಯಾರು.